ಬೀಗರ ನಲವತ್ತು ಪುಟ, ಸೋಮವಾರದ ಸಂತೆ

ಪ್ರಶ್ನೆ: ನನ್ನ ಮಗಳು ಲೀಡ್ಸ್‌ನಲ್ಲಿದ್ದಾಳೆ. ಅಳಿಯ ಅಲ್ಲಿಯವರೇ. ಅವರ ತಂದೆ, ಅಂದರೆ ನಮ್ಮ ಬೀಗರು, 1949ರಲ್ಲಿ ಯಾರ್ಕ್‌ಷೈರಿನ ಸ್ಕಿಪ್ಟನ್ ಎಂಬ ಸಂತೆ ಊರಿನಲ್ಲಿ ಹುಟ್ಟಿದವರು. ತಮ್ಮ ಬಾಲ್ಯದ ನೆನಪುಗಳನ್ನು ನಲವತ್ತು ಪುಟ ಬರೆದಿದ್ದಾರೆ. ಮೊಮ್ಮಕ್ಕಳು ಕನ್ನಡದಲ್ಲೂ ಓದಲಿ ಅಂತ ಅನುವಾದಕ್ಕೆ ಕೂತಿದ್ದೇನೆ. ನಾನು ಗದಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಆದರೂ ಎಡವುತ್ತಿದ್ದೇನೆ. ಬರೀ ಊಟ, ಅಂಗಡಿ, ಬಟ್ಟೆ ಒಗೆಯುವುದು, ಏನೂ ನಡೆಯುವುದೇ ಇಲ್ಲ. ಇನ್ನು ಒಂದು ಸಾಲಂತೂ ತಲೆ ತಿನ್ನುತ್ತಿದೆ: ‘ನಾನು ಗ್ರಾಮರ್ ಸ್ಕೂಲಿಗೆ ಪಾಸಾದೆ. ನಮ್ಮ ಮಗ ಆಗಲಿಲ್ಲ. ಅವನು ಗಿರಣಿ ಸೇರಿದ.’ ಪಾಸಾದಾಗ ಇವರಿಗೇ ಹನ್ನೊಂದು ವರ್ಷ, ಮಗ ಎಲ್ಲಿಂದ ಬಂದ? ಕೆಲವು ಪುಟ ಕಳಿಸಿದ್ದೇನೆ, ನೋಡಿ ತಿಳಿಸುತ್ತೀರಾ?

ಉತ್ತರ: ಪುಟಗಳನ್ನು ಎರಡು ಸಲ ಓದಿದೆ ಮೇಡಂ. ಆ ‘ಮಗ’ನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಅಲ್ಲಿಗೆ ಹೋಗಲು ಉಳಿದ ಊಟ, ಬಟ್ಟೆ, ಅಂಗಡಿ ಎಲ್ಲ ದಾಟಿಯೇ ಹೋಗಬೇಕು.

ಇಂಥ ಬರಹ ಇಂಗ್ಲಿಷ್ ಚೆನ್ನಾಗಿ ಬರುವವರಿಗೇ ಜಾಸ್ತಿ ಮೋಸ ಮಾಡುತ್ತದೆ. ಗೊತ್ತಿಲ್ಲದ ಪದ ಬಂದರೆ ನಿಲ್ಲುತ್ತೀರಿ, ಯಾರನ್ನಾದರೂ ಕೇಳುತ್ತೀರಿ. ಗೊತ್ತಿರುವ ಪದವೇ ಬೇರೆ ಅರ್ಥ ಹೊತ್ತು ಬಂದರೆ ಸೀದಾ ದಾಟಿ ಹೋಗುತ್ತೀರಿ.

ನನಗೂ ಆಗಿದೆ. 1980ರ ದಶಕದಲ್ಲಿ ಲೀಡ್ಸ್‌ನಲ್ಲಿ ಓದುತ್ತಿದ್ದೆ. ಮನೆ ಮಾಲೀಕರಾದ ಅಜ್ಜಿ ‘ಭಾನುವಾರ ಡಿನ್ನರಿಗೆ ಬಾ’ ಅಂದರು. ನಾನು ಇಸ್ತ್ರಿ ಶರ್ಟು ಹಾಕಿಕೊಂಡು ರಾತ್ರಿ ಎಂಟಕ್ಕೆ ಹೋದೆ. ಅವರು ಮಧ್ಯಾಹ್ನ ಒಂದರಿಂದ ಕಾದಿದ್ದರು. ನನ್ನ ತಟ್ಟೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಮುಚ್ಚಿಟ್ಟಿದ್ದರು. ಆ ಕಡೆಯ ದುಡಿಯುವ ಜನಕ್ಕೆ ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಟೀ ಅಂದರೆ ಸಂಜೆ ಐದಾರು ಗಂಟೆಗೆ, ಕೆಲಸದಿಂದ ಬಂದ ಮೇಲೆ ಮಾಡುವ ಹೊಟ್ಟೆ ತುಂಬ ಊಟ. ಸಪ್ಪರ್ ಅಂದರೆ ಮಲಗುವ ಮುಂಚಿನ ಎರಡು ತುತ್ತು. ನೀವು ‘ಅಪ್ಪ ಬಂದ ಮೇಲೆ ಎಲ್ಲರೂ ಚಹಾ ಕುಡಿದೆವು’ ಅಂತ ಬರೆದಿದ್ದೀರಿ. ಪಾಪ, ಗಿರಣಿಯಿಂದ ಬಂದ ಮನುಷ್ಯನನ್ನು ಬರೀ ಚಹಾ ಕುಡಿಸಿ ಮಲಗಿಸಿದ್ದೀರಿ. ಅಲ್ಲಿ ‘ಊಟಕ್ಕೆ ಕೂತೆವು’ ಅನ್ನಿ.

ಯಾರ್ಕ್‌ಷೈರ್ ಪುಡಿಂಗೂ ಹಾಗೆಯೇ. ಅದು ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲು ತೆಳ್ಳಗೆ ಕಲಸಿ, ಕಾದ ಕೊಬ್ಬಿನ ಮೇಲೆ ಹೊಯ್ದು ಒಲೆಯಲ್ಲಿ ಬೇಯಿಸಿದರೆ ಬುಟ್ಟಿ ಹಾಗೆ ಉಬ್ಬುತ್ತದೆ. ಅದನ್ನು ಮಾಂಸಕ್ಕಿಂತ ಮೊದಲು, ಬರೀ ಗ್ರೇವಿ ಜೊತೆ ಬಡಿಸುತ್ತಿದ್ದರು. ಹಿಟ್ಟಿನಿಂದ ಹೊಟ್ಟೆ ಅರ್ಧ ತುಂಬಿದರೆ ಮಾಂಸ ಕಡಿಮೆ ಸಾಕು. ಮನೆಯೊಡತಿಯ ಲೆಕ್ಕಾಚಾರ ಅದು. ಅಡುಗೆ ಪುಸ್ತಕಗಳಲ್ಲಿ ಈ ಲೆಕ್ಕ ಇರುವುದಿಲ್ಲ, ನೆನಪುಗಳಲ್ಲಿ ಇರುತ್ತದೆ.

ಇನ್ನು ನಿಮ್ಮ ಪುಟಗಳಲ್ಲಿ ನನಗೆ ಕಂಡ ಕೆಲವು ಗುಂಡಿಗಳು. ಹುಡುಗರು ಅಂಗಡಿಯಲ್ಲಿ ‘ಸ್ಪೈಸ್’ ಕೊಂಡರು ಅಂದರೆ ಮಸಾಲೆ ಅಲ್ಲ, ಪೆಪ್ಪರಮೆಂಟು. ವೆಸ್ಟ್ ರೈಡಿಂಗ್, ಅಂದರೆ ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿ ಮಿಠಾಯಿಗೆ ಆ ಹೆಸರು. ಐದು ವರ್ಷದ ಹುಡುಗ ಮಸಾಲೆ ಕೊಂಡು ಬಾಯಿಗೆ ಹಾಕಿಕೊಂಡ ಅಂತ ಓದಿ ನಾನು ಒಬ್ಬನೇ ನಕ್ಕೆ. ‘ಲೇಕಿಂಗ್’ ಅಂದರೆ ಕೆರೆಯ ಸುದ್ದಿಯಲ್ಲ, ಆಟ ಆಡುವುದು. ವೈಕಿಂಗರ ಜೊತೆ ಬಂದ ಪದ. ‘ಐಯಾಮ್ ಸ್ಟಾರ್ವ್ಡ್’ ಅಂದರೆ ಆ ಕಡೆಯ ಅಜ್ಜಿಯರಿಗೆ ಹಸಿವಲ್ಲ, ಚಳಿ. ‘ನೈನ್ ವೈಲ್ ಫೈವ್’ ಅಂದರೆ ಒಂಬತ್ತರಿಂದ ಐದರವರೆಗೆ. ‘ಬೆಕ್’ ಅಂದರೆ ನಿಮ್ಮ ಕಡೆಯ ಹಳ್ಳ. ಊರ ನಡುವೆ ಹರಿಯುವುದನ್ನು ‘ಎಲ್ಲರ್ ಬೆಕ್’ ಅಂತಲೇ ಬಿಟ್ಟರೆ ಮೊಮ್ಮಕ್ಕಳು ‘ಎಲ್ಲರ ಬೆಕ್ಕು’ ಅಂತ ಓದುತ್ತಾರೆ. ‘ಎಲ್ಲರ್ ಹಳ್ಳ’ ಅನ್ನಿ, ಸಾಕು. ‘ಗಿನೆಲ್’ ಅಂದರೆ ಎರಡು ಗೋಡೆ ನಡುವಿನ ಸಂದಿ. ಸ್ಕಿಪ್ಟನ್‌ನ ಹೈ ಸ್ಟ್ರೀಟಿನಿಂದ ಇಂಥ ಸಂದಿಗಳು ಎರಡೂ ಕಡೆ ಇಳಿಯುತ್ತವೆ. ಬಸ್ ಕಂಡಕ್ಟರು ಹುಡುಗನನ್ನು ‘ಲವ್’ ಅಂತ ಕರೆಯುತ್ತಾರಲ್ಲ, ಅದಕ್ಕೆ ‘ಪ್ರಿಯ’ ಬೇಡವೇ ಬೇಡ. ನಿಮ್ಮ ಕಡೆ ‘ತಮ್ಮಾ’ ಅನ್ನುವುದಿಲ್ಲವೇ, ಅದೇ.

ಏನೂ ನಡೆಯುವುದಿಲ್ಲ ಅಂದಿರಿ. ನಡೆಯುತ್ತದೆ, ಆದರೆ ಅದು ವಾರದ ಲೆಕ್ಕದಲ್ಲಿ ನಡೆಯುತ್ತದೆ. ಸಂತೆ ಊರಿನ ಹುಡುಗನಿಗೆ ಇಸವಿ ನೆನಪಿರುವುದಿಲ್ಲ, ವಾರ ನೆನಪಿರುತ್ತದೆ. ನಿಮ್ಮ ಕಡೆ ಹಳಬರು ‘ಅವತ್ತು ಸಂತಿ ದಿನ ಇತ್ತು’ ಅಂತಲೇ ಕಥೆ ಶುರು ಮಾಡುತ್ತಾರಲ್ಲ, ಹಾಗೆ.

ಸ್ಕಿಪ್ಟನ್ ಹೆಸರಿನ ಅರ್ಥವೇ ಕುರಿ ಊರು. ಡೇಲ್ಸ್ ಎಂಬ ಕಣಿವೆ ನಾಡಿನ ದಕ್ಷಿಣದ ಬಾಗಿಲು ಅದು. ಮೇಲೆ ಕುರಿ ಗುಡ್ಡಗಳು, ಕೆಳಗೆ ಗಿರಣಿ ಊರುಗಳು. ಊರ ತಲೆಯಲ್ಲಿ ಒಂದು ಕೋಟೆ. 1640ರ ದಶಕದ ಅಂತರ್ಯುದ್ಧದಲ್ಲಿ ಮೂರು ವರ್ಷ ಮುತ್ತಿಗೆ ತಡೆದುಕೊಂಡಿತ್ತು. 1204ರಲ್ಲಿ ಜಾನ್ ದೊರೆ ಇಲ್ಲಿ ಸಂತೆ ನಡೆಸಲು ಸನದು ಕೊಟ್ಟ. ಇಂಗ್ಲೆಂಡಿನಲ್ಲಿ ಸಂತೆ ಊರು ಅನ್ನಿಸಿಕೊಳ್ಳಲು ಹಿಂದೆ ಇಂಥ ಅಪ್ಪಣೆ ಬೇಕಿತ್ತು, ಸುಮ್ನೆ ಎಲ್ಲೆಂದರಲ್ಲಿ ಗೋಣಿ ಹಾಸಿ ಕೂರುವ ಹಾಗಿರಲಿಲ್ಲ. ಎಂಟು ಶತಮಾನ ದಾಟಿದರೂ ಅಗಲವಾದ ಹೈ ಸ್ಟ್ರೀಟಿನ ಎರಡೂ ಬದಿಯ ಕಲ್ಲುಹಾಸಿನ ಮೇಲೆ ವಾರಕ್ಕೆ ನಾಲ್ಕು ದಿನ ಅಂಗಡಿ ಹಾಕುತ್ತಾರೆ. ನಾನು ಶನಿವಾರ ಲೀಡ್ಸ್‌ನಿಂದ ರೈಲು ಹತ್ತಿ ಹೋಗುತ್ತಿದ್ದೆ. ಮುಕ್ಕಾಲು ಗಂಟೆ ದಾರಿ. ನಡುವೆ ಒಂದು ಸ್ಟೇಷನ್ನಿನ ಹೆಸರನ್ನು ‘ಕೀಗ್ಲಿ’ ಅಂತ ಓದಿ ಟಿಕೆಟ್ ಕಲೆಕ್ಟರಿಂದ ಪಾಠ ಹೇಳಿಸಿಕೊಂಡೆ. ಅದು ‘ಕೀತ್ಲಿ’. ನಿಮ್ಮ ಪುಟದಲ್ಲೂ ತಿದ್ದಿಕೊಳ್ಳಿ.

ಬೀಗರ ನೆನಪಿನಲ್ಲಿ ದೊಡ್ಡ ದಿನ ಸೋಮವಾರ. ಎರಡು ಕಾರಣ. ಒಂದು, ಸಂತೆ ಮತ್ತು ದನ ಕುರಿಗಳ ಹರಾಜು. ಇನ್ನೊಂದು, ಅವತ್ತು ಎಲ್ಲರ ಮನೆಯಲ್ಲೂ ಬಟ್ಟೆ ಒಗೆಯುವ ದಿನ. ‘ಸೋಮವಾರ ತಣ್ಣಗಿನ ಮಾಂಸ’ ಅಂತ ನಾಲ್ಕು ಕಡೆ ಬರುತ್ತದೆ, ನೀವು ಒಂದು ಕಡೆ ಬಿಟ್ಟೇ ಬಿಟ್ಟಿದ್ದೀರಿ. ಬಿಡಬೇಡಿ. ಭಾನುವಾರ ಸುಟ್ಟ ಮಾಂಸದಲ್ಲಿ ಉಳಿದದ್ದು ಅದು. ಸೋಮವಾರ ಅಮ್ಮನಿಗೆ ಅಡುಗೆ ಮಾಡಲು ಪುರುಸೊತ್ತಿಲ್ಲ. ಬೆಳಗ್ಗೆಯೇ ನೀರು ಕಾಯಿಸುವ ಹಂಡೆಗೆ ಬೆಂಕಿ, ಆಮೇಲೆ ಕೋಲಿನಿಂದ ತೊಟ್ಟಿಯಲ್ಲಿ ಬಟ್ಟೆ ಕುಟ್ಟುವುದು, ಆಮೇಲೆ ಎರಡು ರೋಲರಿನ ಮ್ಯಾಂಗಲ್‌ನಲ್ಲಿ ಹಿಂಡುವುದು. ಮ್ಯಾಂಗಲ್ ತಿರುಗಿಸುವುದು ಮಕ್ಕಳ ಪಾಲು. ಮಳೆ ಬಂದರೆ ಮನೆ ತುಂಬ ಒದ್ದೆ ಬಟ್ಟೆ, ಹಬೆ. ಆ ಕಡೆ ಮಳೆ ಬಾರದ ಸೋಮವಾರ ಎಷ್ಟಿದ್ದವು ಅಂತ ಬೀಗರನ್ನೇ ಕೇಳಿ.

ಆ ಹಬೆಯಿಂದ ತಪ್ಪಿಸಿಕೊಂಡು ಹುಡುಗರು ಹರಾಜಿಗೆ ಓಡುತ್ತಿದ್ದರು. ಗುಡ್ಡದಿಂದ ಬಂದ ರೈತರು ಚಪ್ಪಟೆ ಟೋಪಿ ಹಾಕಿ ಕಟಕಟೆಗೆ ಒರಗಿ ನಿಂತಿರುತ್ತಾರೆ. ಹರಾಜು ಕೂಗುವವ ಉಸಿರು ಬಿಡದೆ ಕೂಗುತ್ತಾನೆ. ಕೊಳ್ಳುವವ ಹುಬ್ಬು ಹಾರಿಸಿದರೂ ಸಾಕು, ಬೆಲೆ ಏರಿತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಇಲ್ಲಿ ಅದರ ಉಲ್ಟಾ. ಎಲ್ಲ ಬಯಲಲ್ಲೇ, ಆದರೆ ಯಾರು ಕೂಗಿದರು ಅಂತ ಪಕ್ಕದವನಿಗೂ ಗೊತ್ತಾಗುವುದಿಲ್ಲ. ವ್ಯಾಪಾರ ಮುಗಿದ ಮೇಲೆ ಮಾರಿದವನು ಕೊಂಡವನ ಕೈಗೆ ಒಂದಿಷ್ಟು ಕಾಸು ಮರಳಿ ಕೊಡುತ್ತಾನೆ. ಅದಕ್ಕೆ ‘ಲಕ್ ಮನಿ’. ನೀವು ‘ಅದೃಷ್ಟದ ಹಣ’ ಅಂದಿದ್ದೀರಿ, ಲಾಟರಿ ಹೊಡೆದ ಹಾಗಿದೆ. ‘ಶಕುನದ ಕಾಸು’ ಅಂದರೆ ಹೇಗೆ?

ಕುರಿ ಎಣಿಕೆಯ ‘ಯಾನ್, ತಾನ್, ತೆಥೆರ’ ಅನುವಾದ ಮಾಡಲು ಹೋಗಬೇಡಿ. ಅದು ಇಂಗ್ಲಿಷಿಗಿಂತ ಹಳೆಯ ಬ್ರಿಟನ್ನಿನ ಸೆಲ್ಟಿಕ್ ಭಾಷೆಯ ಎಣಿಕೆಯ ಪಳೆಯುಳಿಕೆ ಅನ್ನುತ್ತಾರೆ. ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ. ಹಾಗೇ ಇಡಿ, ಮಕ್ಕಳಿಗೆ ಹೇಳಿಕೊಳ್ಳಲು ಮಜಾ.

ಈ ಊರಿಗೆ ಇನ್ನೊಂದು ಮುಖ ಇದೆ. ಹಿಂದೆ ಬೆಟ್ಟ, ಕುರಿ, ಸಂತೆ. ಮುಂದೆ ಕಾಲುವೆ, ಗಿರಣಿ, ಹೊಗೆ. ಲೀಡ್ಸ್‌ನಿಂದ ಲಿವರ್‌ಪೂಲ್‌ಗೆ 127 ಮೈಲಿ ಕಾಲುವೆ. 1770ರಲ್ಲಿ ಅಗೆಯಲು ಶುರು ಮಾಡಿ 1816ರಲ್ಲಿ ಮುಗಿಸಿದರು. ಅದು ಸ್ಕಿಪ್ಟನ್ ಮಧ್ಯೆಯೇ ಹೋಗುತ್ತದೆ. ಅದರ ದಡದಲ್ಲಿ ಹತ್ತಿ ನೂಲಿನ ದೊಡ್ಡ ಗಿರಣಿ. ‘ಸಿಲ್ಕೋ’ ಎಂಬ ಹೊಲಿಗೆ ದಾರ ಅಲ್ಲಿನದು. ಯಾರ್ಕ್‌ಷೈರ್ ಅಂದರೆ ಉಣ್ಣೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಈ ಊರು ಮಾತ್ರ ಹತ್ತಿ ಕಡೆ ವಾಲಿತ್ತು. ಗದಗದವರಿಗೆ ಹೇಳದೆ ಇರಲಾರೆ: 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳು ಕಣ್ಣು ಹಾಕಿದ್ದು ನಿಮ್ಮ ಕಪ್ಪು ನೆಲದ ಮೇಲೆ. ಅಲ್ಲಿನ ವ್ಯಾಪಾರಿಗಳ ಲೆಕ್ಕದಲ್ಲಿ ‘ಧಾರವಾಡ’, ‘ಕುಮಟಾ’ ಅನ್ನುವುದು ಹತ್ತಿಯ ಜಾತಿಗಳ ಹೆಸರಾಗಿತ್ತು. ಬೀಗರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. 1971ರ ಫೆಬ್ರವರಿ 15ರವರೆಗೆ ಇದೇ. ಜಾನುವಾರು ವ್ಯಾಪಾರದಲ್ಲಿ ಗಿನಿ ಬೇರೆ, ಇಪ್ಪತ್ತೊಂದು ಶಿಲ್ಲಿಂಗ್. ಪೈಸೆಗೆ ರೂಪಾಯಿಗೆ ಬದಲಾಯಿಸಬೇಡಿ. ಸಾಧ್ಯವಾದರೆ ಆಣೆಯನ್ನು ಒಂದು ಸಲ ನೆನಪಿಸಿ. ನಾವು ಹದಿನಾರಾಣೆ ಬಿಟ್ಟು ನೂರು ಪೈಸೆಗೆ ಬಂದದ್ದು 1957ರಲ್ಲಿ, ಅವರಿಗಿಂತ ಹದಿನಾಲ್ಕು ವರ್ಷ ಮುಂಚೆ. ಅಲ್ಲಿನ ನಮ್ಮ ವಯಸ್ಸಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಮಿಠಾಯಿಯ ರೇಷನ್ ಬಗ್ಗೆ ಮಾತ್ರ ಒಂದು ವಾಕ್ಯ ಸೇರಿಸಿ. ಯುದ್ಧ ಗೆದ್ದ ದೇಶದಲ್ಲಿ 1953ರ ಫೆಬ್ರವರಿವರೆಗೂ ಮಿಠಾಯಿ, 1954ರ ಜುಲೈವರೆಗೂ ಮಾಂಸ ರೇಷನ್ನಿನಲ್ಲಿತ್ತು. ಬೀಗರು ನಾಲ್ಕಾಣೆ ‘ಸ್ಪೈಸ್’ಗೆ ಅರ್ಧ ಪುಟ ಯಾಕೆ ಕೊಟ್ಟಿದ್ದಾರೆ ಅಂತ ಮೊಮ್ಮಕ್ಕಳಿಗೆ ಆಗ ಗೊತ್ತಾಗುತ್ತದೆ. ಓ, ನಾನೇ ನಾಲ್ಕಾಣೆ ಅಂದುಬಿಟ್ಟೆ ನೋಡಿ. ಮೂರು ಪೆನ್ಸು.

‘ಚಂಪಿಂಗ್’ ಬಗ್ಗೆ ಕೇಳಿದ್ದಿರಿ, ಡಿಕ್ಷನರಿಯಲ್ಲಿ ಸಿಗಲಿಲ್ಲ ಅಂತ. ನವೆಂಬರ್ 5ರ ರಾತ್ರಿ ಅಲ್ಲಿ ಬೆಂಕಿ ಹಬ್ಬ. 1605ರಲ್ಲಿ ಪಾರ್ಲಿಮೆಂಟಿಗೆ ಮದ್ದು ಇಟ್ಟ ಗುಂಪಿನ ಗೈ ಫಾಕ್ಸ್‌ನ ಬೊಂಬೆ ಸುಡುತ್ತಾರೆ. ಅದಕ್ಕೆ ವಾರಗಟ್ಟಲೆ ಮೊದಲೇ ಹುಡುಗರು ಕಟ್ಟಿಗೆ ಕೂಡಿಹಾಕುವುದೇ ಚಂಪಿಂಗ್. ಪಕ್ಕದ ಬೀದಿಯವರ ರಾಶಿಯಿಂದ ರಾತ್ರಿ ಕದಿಯುವುದೂ ಅದರಲ್ಲೇ ಬಂತು. ತಮ್ಮ ರಾಶಿಗೆ ಕಾವಲು ಕೂರುವುದೂ ಬಂತು. ಇಷ್ಟು ಹೇಳಿದರೆ ಗದಗದಲ್ಲಿ ಬೆಳೆದ ನಿಮಗೆ ಬೇರೆ ಏನೂ ಹೇಳಬೇಕಿಲ್ಲ. ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕದ್ದವರು ಯಾರು, ಕಳಕೊಂಡವರು ಯಾರು, ಎಲ್ಲ ಗೊತ್ತು. ಆದರೆ ಅನುವಾದದಲ್ಲಿ ಕಾಮಣ್ಣ ಬೇಡ. ‘ಬೆಂಕಿ ಹಬ್ಬದ ಕಟ್ಟಿಗೆ ಕದಿಯಲು ಹೋದೆವು’ ಅಂದರೆ ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ. ಅವತ್ತು ತಿನ್ನುವ ಪಾರ್ಕಿನ್ ಮಾತ್ರ ಉದ್ಯಾನ ಅಲ್ಲ, ಓಟ್ಸ್, ಶುಂಠಿ, ಕಾಕಂಬಿ ಹಾಕಿದ ಕೇಕು.

ಈಗ ಮುಖ್ಯ ವಿಷಯ. ಬೀಗರ ತಂದೆ ಮಾತಾಡುವಾಗ ‘ಯು’ ಬದಲು ‘ದಾ’, ‘ದೀ’ ಅಂತ ಬರುತ್ತದೆ. ನೀವು ಅದನ್ನು ಬೈಬಲ್ಲಿನ ಭಾಷೆ ಅಂತ ತಿಳಿದು ‘ತಾವು’ ಹಾಕಿದ್ದೀರಿ. ಉಲ್ಟಾ ಆಗಿದೆ ಮೇಡಂ. ಅದು ನಮ್ಮ ‘ನೀನು’. ಇಂಗ್ಲಿಷಿನಲ್ಲಿ ಹಿಂದೆ ನೀನು, ನೀವು ಎರಡೂ ಇದ್ದವು. ಹೆಚ್ಚಿನ ಕಡೆ ‘ನೀನು’ ಸತ್ತುಹೋಯಿತು, ಯಾರ್ಕ್‌ಷೈರಿನ ಮನೆ, ಗಿರಣಿ, ಹೊಲಗಳಲ್ಲಿ ಉಳಿಯಿತು. ಸಲಿಗೆ ಇದ್ದವರಿಗೆ ‘ದಾ’. ದೊಡ್ಡವರಿಗೆ, ಹೊರಗಿನವರಿಗೆ ಅಂದರೆ ತಪ್ಪು. ದಿಲ್ಲಿಯವರಿಗೋ ಮುಂಬೈಯವರಿಗೋ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಮಗಂತೂ ಬೇಕೇ ಇಲ್ಲ. ಅವರ ತಂದೆಯ ಮಾತನ್ನು ಗದಗದ ಕನ್ನಡದಲ್ಲೇ ಬರೆಯಿರಿ. ‘ಎಲ್ಲಿ ಹೋಗಿದ್ದಿ ಲೇ?’ ಅನ್ನಲಿ. ರೊಟ್ಟಿ, ಪುಂಡಿಪಲ್ಯ ತರಬೇಡಿ, ಮಾತಿನ ಧಾಟಿ ಸಾಕು.

ಆದರೆ ಒಂದು ವಿಷಯ ಗಮನಿಸಿದಿರಾ? ನೀವು ಕಳಿಸಿದ ಪುಟಗಳಲ್ಲಿ ಹುಡುಗ ಬೀಗರೂ ಮೊದಲು ‘ದಾ’ ಅನ್ನುತ್ತಾರೆ. ಗ್ರಾಮರ್ ಸ್ಕೂಲ್ ಸೇರಿದ ಮೇಲಿನ ಪುಟಗಳಲ್ಲಿ ಒಂದು ಸಲವೂ ಇಲ್ಲ. ತಂದೆಯ ಬಾಯಲ್ಲಿ ಇದೆ, ಮಗನ ಬಾಯಲ್ಲಿ ಮಾಯ. ಅವರು ಬೇಕಂತಲೇ ಹಾಗೆ ಬರೆದರೋ, ಕೈ ತಾನಾಗಿ ಹಾಗೆ ಬರೆಯಿತೋ. ನೀವು ಮಾತ್ರ ಹಾಗೇ ಉಳಿಸಿ. ಪರೀಕ್ಷೆಯವರೆಗೆ ಹುಡುಗ ಗದಗದ ಕನ್ನಡ ಮಾತಾಡಲಿ. ಆಮೇಲೆ ಪಠ್ಯಪುಸ್ತಕದ ಕನ್ನಡ.

ಆ ಪರೀಕ್ಷೆ ಏನು ಅಂತ ಹೇಳುತ್ತೇನೆ. 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದರ ವಯಸ್ಸಿಗೆ ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ, ಇಲೆವೆನ್ ಪ್ಲಸ್. ನಾಲ್ಕೈದು ಮಕ್ಕಳಲ್ಲಿ ಒಬ್ಬರು ಪಾಸಾಗಿ ಗ್ರಾಮರ್ ಸ್ಕೂಲಿಗೆ. ಲ್ಯಾಟಿನ್, ಟೋಪಿ, ಕೋಟು, ಮುಂದೆ ಯೂನಿವರ್ಸಿಟಿ. ಉಳಿದ ಹೆಚ್ಚಿನವರು ಸೆಕೆಂಡರಿ ಮಾಡರ್ನ್‌ಗೆ. ಅಲ್ಲಿಂದ ಹದಿನೈದಕ್ಕೆ ಹೊರಗೆ, ಕೆಲಸಕ್ಕೆ. ದೇಶದ ಹೆಚ್ಚಿನ ಕಡೆ 1960, 70ರ ದಶಕದಲ್ಲಿ ಇದನ್ನು ಕೈಬಿಟ್ಟರು. ಸ್ಕಿಪ್ಟನ್‌ನಲ್ಲಿ ಇವತ್ತಿಗೂ ಇದೆ. ಒಂದೇ ಬೀದಿಯ, ಒಂದೇ ಕಟ್ಟಿಗೆ ರಾಶಿ ಕಾದ ಹುಡುಗರು ಒಂದು ಸೆಪ್ಟೆಂಬರಿನಲ್ಲಿ ಎರಡು ಬಣ್ಣದ ಬಟ್ಟೆ ಹಾಕಿಕೊಂಡು ಎರಡು ದಿಕ್ಕಿಗೆ ಹೋಗುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಹನ್ನೊಂದು ವರ್ಷದ ಮಗುವಿನ ಹಣೆಬರಹ ಒಂದು ಬೆಳಗ್ಗೆ ಬರೆಯುವ ಈ ಪದ್ಧತಿ ಕ್ರೂರ. ಪಾಸಾದವರೂ ಅದನ್ನು ಸಂಭ್ರಮದಿಂದ ಬರೆದದ್ದನ್ನು ನಾನು ಕಂಡದ್ದು ಕಡಿಮೆ.

ಆ ಸಾಲಿನಲ್ಲಿ ಇರುವುದು ‘ಅವರ್ ಕಿಡ್’. ನೀವು ‘ನಮ್ಮ ಮಗ’ ಅಂದಿರಿ, ಮಕ್ಕಿಕಾ ಮಕ್ಕಿ. ಉತ್ತರ ಇಂಗ್ಲೆಂಡಿನಲ್ಲಿ ‘ಅವರ್ ಕಿಡ್’ ಅಂದರೆ ಒಡಹುಟ್ಟಿದವರು. ಅದು ಇವರ ಸೋದರ. ಒಂದೇ ಹಾಸಿಗೆಯಲ್ಲಿ ಮಲಗಿದವನು, ಮ್ಯಾಂಗಲ್‌ನ ಇನ್ನೊಂದು ತುದಿ ಹಿಡಿದವನು. ಹಿಂದಿನ ಪುಟಗಳನ್ನು ಮತ್ತೆ ತೆಗೆದು ನೋಡಿ. ಹರಾಜಿಗೆ ಜೊತೆಗೆ ಓಡಿದ ‘ಪಕ್ಕದ ಮನೆ ಹುಡುಗ’, ಕಟ್ಟಿಗೆ ರಾಶಿಯ ಕಾವಲಿಗೆ ಕೂತ ‘ನಮ್ಮ ಓಣಿಯ ಮಗು’, ಎಲ್ಲ ಕಡೆ ನೀವು ಒಂದೊಂದು ಥರ ಬರೆದಿದ್ದೀರಿ. ಮೂಲದಲ್ಲಿ ಎಲ್ಲವೂ ‘ಅವರ್ ಕಿಡ್’. ಎಲ್ಲವೂ ಒಬ್ಬನೇ. ಏನೂ ನಡೆಯದ ನಲವತ್ತು ಪುಟದಲ್ಲಿ ಪುಟಪುಟಕ್ಕೂ ಇದ್ದವನು ಆ ಮೂರು ಸಾಲಿನ ನಂತರ ಮತ್ತೆ ಬರುವುದು ಒಂದೇ ಸಲ. ಸಂಬಳದ ಕವರನ್ನು ಒಡೆಯದೆ ಅಮ್ಮನ ಕೈಗೆ ಕೊಡುತ್ತಾನಲ್ಲ, ಅಲ್ಲಿ. ದುಡಿಯುವ ಮಕ್ಕಳು ಆಗ ಹಾಗೆ ಕೊಡುತ್ತಿದ್ದರು, ಅಮ್ಮ ಅದರಲ್ಲಿ ಖರ್ಚಿಗೆ ಅಂತ ಒಂದಿಷ್ಟು ಮರಳಿಸುತ್ತಿದ್ದಳು. ಅವತ್ತು ಅವನು ತನ್ನ ಪಾಲಿನಿಂದ ಆರು ಪೆನ್ಸು ತೆಗೆದು ಇವರ ಲ್ಯಾಟಿನ್ ಪುಸ್ತಕದ ಮೇಲೆ ಇಡುತ್ತಾನೆ. ನೀವು ಈ ವಾಕ್ಯವನ್ನು ಚೆನ್ನಾಗಿ ಅನುವಾದಿಸಿದ್ದೀರಿ. ಇಟ್ಟವನು ಯಾರು ಅನ್ನುವುದೊಂದು ತಪ್ಪಿದೆ.

ಇಂಗ್ಲಿಷಿಗೆ ಬೇಡದ ಒಂದು ವಿಷಯ ಕನ್ನಡಕ್ಕೆ ಬೇಕೇ ಬೇಕು. ಅವನು ಅಣ್ಣನೋ, ತಮ್ಮನೋ? ‘ಅವರ್ ಕಿಡ್’ ಅಂದರೆ ಕಿರಿಯವನೇ ಅಂತೇನಿಲ್ಲ, ಹಿರಿಯನೂ ಆಗಬಹುದು. ಅಣ್ಣ ಆಗಿದ್ದರೆ ಅವನು ಮೊದಲು ಫೇಲಾದ, ಇವರು ಅವನ ಕಣ್ಣೆದುರು ಪಾಸಾದರು. ತಮ್ಮ ಆಗಿದ್ದರೆ ಇವರು ಟೋಪಿ ಹಾಕಿಕೊಂಡು ಹೋಗುವುದನ್ನು ನೋಡಿ ನೋಡಿ ಅವನು ಪರೀಕ್ಷೆಗೆ ಕೂತ. ಎರಡೂ ಬೇರೆ ಬೇರೆ ಕಥೆ. ಪುಟಗಳಲ್ಲಿ ಎಲ್ಲೂ ಸುಳಿವಿಲ್ಲ. ನೀವೇ ಫೋನ್ ಮಾಡಿ ಕೇಳಬೇಕು. ಮಗಳ ಕೈಲಿ ಕೇಳಿಸಬೇಡಿ. ಭಾನುವಾರ ಒಳ್ಳೆಯದು, ಆದರೆ ಡಿನ್ನರ್ ಹೊತ್ತಿಗೆ ಬೇಡ. ಅಲ್ಲಿನ ಒಂದು ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಆರೂವರೆ. ಎಂಟರ ಮೇಲೆ ಮಾಡಿ.